ದಾವಣಗೆರೆಯ ಮನೆಯಲ್ಲಿ ಕಡಲಕುದುರೆಗಳಿಗಾಗಿ ದೊಡ್ಡ ಅಕ್ವೇರಿಯಂ: ಸಲಹೆ ಬೇಕಾಗಿದೆ

ಪ್ರಶ್ನೆ: ವಿದ್ಯಾನಗರ ನಿವಾಸಿ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯ ವಿದ್ಯಾನಗರದಲ್ಲಿರುವ ನಮ್ಮ ಮನೆಯಲ್ಲಿ ಹಲವು ವರ್ಷಗಳಿಂದ ಸಿಹಿನೀರಿನ ಮೀನುಗಳನ್ನು ಸಾಕುತ್ತಿದ್ದೇನೆ. ಏಂಜಲ್ ಮೀನುಗಳು ನಮ್ಮಲ್ಲೇ ಮೊಟ್ಟೆಯಿಟ್ಟು ಮರಿ ಮಾಡಿವೆ; ಡಿಸ್ಕಸ್ ಮೀನುಗಳೂ ಚೆನ್ನಾಗಿ ಬಾಳುತ್ತಿವೆ. ಈಗ ಮಹಡಿಯ ಮೇಲೆ ಹೊಸದಾಗಿ ಒಂದು ಹಾಲ್ ಕಟ್ಟಿಸಿದ್ದೇವೆ. ಅಲ್ಲಿ ಉಪ್ಪುನೀರಿನ ದೊಡ್ಡ ತೊಟ್ಟಿಯೊಂದನ್ನು ಇರಿಸಿ, ಅದರಲ್ಲಿ ಕಡಲಕುದುರೆಗಳನ್ನು ಸಾಕಬೇಕೆಂಬುದು ಬಹಳ ದಿನಗಳ ಆಸೆ. ಹೆಣ್ಣು ಕೊಟ್ಟ ಮೊಟ್ಟೆಗಳನ್ನು ಗಂಡೇ ತನ್ನ ಹೊಟ್ಟೆಯ ಚೀಲದಲ್ಲಿ ಹೊತ್ತು, ಬಲಿಸಿ, ಮರಿ ಹಾಕುವ ಈ ಜೀವಿಯನ್ನು ಮಕ್ಕಳಿಗೆ ಕಣ್ಣೆದುರಿಗೇ ತೋರಿಸಬೇಕೆಂಬುದು ಆ ಆಸೆಯ ಮೂಲ.

ನಾನು ಯೋಚಿಸಿರುವ ಅಳತೆ 4 ಅಡಿ ಉದ್ದ, 2 ಅಡಿ ಅಗಲ, ಎರಡೂವರೆ ಅಡಿ ಎತ್ತರ. ಗಾಜು 12 ಎಂ.ಎಂ. ದಪ್ಪದ್ದು. ಕಡಲಕುದುರೆಗಳಿಗೆ ಉದ್ದಕ್ಕಿಂತ ಎತ್ತರ ಮುಖ್ಯವೆಂದು ಓದಿ ಈ ಅಳತೆ ಇಟ್ಟುಕೊಂಡಿದ್ದೇನೆ. ಬೇರೆ ಊರಿನ ವ್ಯಾಪಾರಿಯೊಬ್ಬರು ಒಂದು ಜೋಡಿಯನ್ನು ರೈಲು ಪಾರ್ಸೆಲ್ಲಿನಲ್ಲಿ ಕಳುಹಿಸಿಕೊಡುವುದಾಗಿ ಹೇಳಿದ್ದಾರೆ. ಅವರಿಗೆ ಮುಂಗಡ ಕೊಡುವ ಮೊದಲು ತಿಳಿದವರನ್ನು ಕೇಳುವುದು ಒಳ್ಳೆಯದೆನಿಸಿತು.

ನನ್ನ ಸಂದೇಹಗಳು ಇಷ್ಟು. ನಮ್ಮೂರಿನ ಏಪ್ರಿಲ್–ಮೇ ಬಿಸಿಲಿನಲ್ಲಿ, ಎ.ಸಿ. ಇಲ್ಲದ ಹಾಲಿನಲ್ಲಿ ಈ ತೊಟ್ಟಿಯ ನೀರನ್ನು ತಂಪಾಗಿಡಲು ಸಾಧ್ಯವೇ? ಕಾರವಾರದಿಂದ ಕ್ಯಾನುಗಳಲ್ಲಿ ಸಮುದ್ರದ ನೀರನ್ನೇ ತರಿಸಿದರೆ ಉಪ್ಪಿನ ಖರ್ಚು ಉಳಿಯುತ್ತದೆಯೇ? ಹವಳದ ಕಲ್ಲುಗಳನ್ನು ಹಾಕಲೇಬೇಕೇ? ಆಹಾರದ ವ್ಯವಸ್ಥೆ ಹೇಗೆ? ಖರ್ಚಾಗುತ್ತದೆಂಬುದು ಗೊತ್ತಿದೆ, ಆದರೆ ಖರ್ಚು ಮಾಡಿಯೂ ಆ ಜೀವಿಗಳು ನರಳಿ ಸಾಯುವಂತಾದರೆ ಅದು ನನಗೆ ಬೇಡ.

ಉತ್ತರ: ದುರ್ಗದ ಓದುಗ, ಚಿತ್ರದುರ್ಗ

ನಮಸ್ಕಾರ. ತೊಟ್ಟಿಯ ಅಳತೆ, ನೀರು, ಉಪ್ಪು ಇವೆಲ್ಲಕ್ಕಿಂತ ಮೊದಲು ತಿಳಿಯಬೇಕಾದ ವಿಷಯ ಒಂದಿದೆ. ದಯವಿಟ್ಟು ಆ ವ್ಯಾಪಾರಿಗೆ ಮುಂಗಡ ಕೊಡಬೇಡಿ. ನಮ್ಮ ದೇಶದಲ್ಲಿ ಕಡಲಕುದುರೆಯನ್ನು ಹಿಡಿಯುವುದು, ಮಾರುವುದು, ಕೊಳ್ಳುವುದು, ಅನುಮತಿಯಿಲ್ಲದೆ ಇಟ್ಟುಕೊಳ್ಳುವುದು ಅಪರಾಧ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅತಿ ಹೆಚ್ಚಿನ ರಕ್ಷಣೆ ಕೊಡುವ ಮೊದಲ ಅನುಸೂಚಿಗೆ 2001ರಲ್ಲಿ ಹಲವು ಸಮುದ್ರಜೀವಿಗಳನ್ನು ಸೇರಿಸಲಾಯಿತು. ಆಗ ಕಡಲಕುದುರೆಯ ಒಂದೆರಡು ಜಾತಿಗಳನ್ನು ಆರಿಸಿ ಸೇರಿಸಲಿಲ್ಲ. ಕಡಲಕುದುರೆ ಮತ್ತು ಕಡ್ಡಿಯಂತೆ ನೀಳವಾದ ಪೈಪ್‌ಫಿಶ್‌ಗಳು ಸೇರಿರುವ ಸಿಂಗ್ನಾತಿಡೆ ಕುಟುಂಬವನ್ನು ಇಡಿಯಾಗಿ ಸೇರಿಸಿದರು. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದು ಅನುಸೂಚಿಗಳ ರಚನೆಯೇ ಬದಲಾಯಿತು, ಆದರೆ ಈ ಜೀವಿಗಳಿಗಿದ್ದ ರಕ್ಷಣೆ ಹೋಗಿಲ್ಲ. ಜೈಲುಶಿಕ್ಷೆಯವರೆಗೂ ಹೋಗಬಹುದಾದ ವಿಷಯವಿದು, ಮತ್ತು ಕಾನೂನಿನ ಕಣ್ಣಿನಲ್ಲಿ ಕೊಂಡವರೂ ಹೊಣೆಗಾರರೇ. ಅಂತರರಾಷ್ಟ್ರೀಯ ಮಟ್ಟದಲ್ಲೂ, ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿ ಎಲ್ಲ ಕಡಲಕುದುರೆಗಳೂ ಇವೆ. ಆ ನಿಯಂತ್ರಣ 2004ರ ಮೇ ತಿಂಗಳಿಂದ ಜಾರಿಯಲ್ಲಿದೆ.

ಹವಳದ ಕಲ್ಲಿನ ಬಗ್ಗೆಯೂ ಕೇಳಿದ್ದೀರಿ. ದಿಬ್ಬ ಕಟ್ಟುವ ಗಟ್ಟಿ ಹವಳಗಳು, ಕಪ್ಪು ಹವಳ, ಬೆಂಕಿ ಹವಳ, ಬೀಸಣಿಗೆಯಾಕಾರದ ಹವಳಗಳು ಇವೆಲ್ಲವೂ 2001ರಲ್ಲೇ ಅದೇ ರಕ್ಷಣೆಗೆ ಒಳಪಟ್ಟವು. ಆದ್ದರಿಂದ ಸಮುದ್ರದಿಂದ ಎತ್ತಿ ತಂದ ಹವಳದ ತುಂಡುಗಳನ್ನು ಯಾರಾದರೂ ‘ಲೈವ್ ರಾಕ್’ ಎಂದು ಮಾರಲು ಬಂದರೆ ಅದನ್ನೂ ಬೇಡವೆನ್ನಿ. ಕಾರ್ಖಾನೆಯಲ್ಲಿ ಸುಟ್ಟು ಮಾಡಿದ, ಒಳಗೆಲ್ಲ ಸಣ್ಣ ರಂಧ್ರಗಳಿರುವ ಸೆರಾಮಿಕ್ ಕಲ್ಲುಗಳು ಸಿಗುತ್ತವೆ; ನೀರನ್ನು ಶುದ್ಧವಾಗಿಡುವ ಬ್ಯಾಕ್ಟೀರಿಯಾಗಳಿಗೆ ಬೇಕಾದ ಜಾಗವನ್ನು ಅವೇ ಒದಗಿಸುತ್ತವೆ.

ಇಷ್ಟು ಬಿಗಿಯಾದ ಕಾನೂನು ಏಕೆ ಬೇಕಾಯಿತೆಂಬುದನ್ನು ತಮಿಳುನಾಡಿನ ಪಾಕ್ ಕೊಲ್ಲಿ ಮತ್ತು ಮನ್ನಾರ್ ಕೊಲ್ಲಿಯ ತೀರಕ್ಕೆ ಹೋದರೆ ತಿಳಿಯಬಹುದು. ಅಲ್ಲಿ ಸೀಗಡಿಗೆಂದು ತಳವನ್ನು ಗೋರುವ ಟ್ರಾಲ್ ಬಲೆಗಳಲ್ಲಿ ಕಡಲಕುದುರೆಗಳೂ ಸಿಕ್ಕಿಕೊಳ್ಳುತ್ತವೆ, ಅವುಗಳನ್ನು ಒಣಗಿಸಿ ಔಷಧದ ಹೆಸರಿನಲ್ಲಿ ಹೊರದೇಶಗಳಿಗೆ ಕಳ್ಳತನದಲ್ಲಿ ಸಾಗಿಸುವ ಜಾಲಗಳು ರಾಮನಾಥಪುರದ ಕಡೆ ಆಗಾಗ ಸಿಕ್ಕಿಬೀಳುತ್ತಲೇ ಇವೆ. ಗಂಡೊಂದು ಸತ್ತರೆ ಅದರ ಚೀಲದಲ್ಲಿರುವ ಮರಿಗಳೂ ಹೋಗುತ್ತವೆ. ಹಲವು ಜಾತಿಗಳಲ್ಲಿ ಜೋಡಿಗಳು ಒಂದಕ್ಕೊಂದು ಅಂಟಿಕೊಂಡೇ ಬಾಳುವುದರಿಂದ ಉಳಿದದ್ದು ಬೇಗನೆ ಹೊಸ ಜೋಡಿ ಕಟ್ಟಿಕೊಳ್ಳುವುದಿಲ್ಲ. ಹೀಗೆ ಹಿಡಿದಷ್ಟೇ ವೇಗದಲ್ಲಿ ಅವು ಮತ್ತೆ ಹೆಚ್ಚುವುದು ಸಾಧ್ಯವಿಲ್ಲ.

ಪ್ರತಿಕ್ರಿಯೆ: ನಿಟುವಳ್ಳಿ, ದಾವಣಗೆರೆ

ಕಾನೂನಿನ ಮಾತು ಒಪ್ಪಿದೆ. ಆದರೂ ಒಂದು ಪ್ರಶ್ನೆ. ಹೊರದೇಶಗಳಲ್ಲಿ ತೊಟ್ಟಿಗಳಲ್ಲೇ ಹುಟ್ಟಿ ಬೆಳೆದ ಕಡಲಕುದುರೆಗಳನ್ನು ಜನ ಬಹಿರಂಗವಾಗಿ ಸಾಕುತ್ತಾರೆ, ಅದರಿಂದ ಸಮುದ್ರಕ್ಕೆ ನಷ್ಟವಿಲ್ಲವೆಂದೂ ಹೇಳುತ್ತಾರೆ. ಅಂಥವನ್ನು ತರಿಸಿಕೊಂಡರೆ ತಪ್ಪೇನು? ವ್ಯಾಪಾರಿಯೂ ಬಹುಶಃ ಅದನ್ನೇ ಹೇಳಿರಬಹುದು.

ಉತ್ತರ: ದುರ್ಗದ ಓದುಗ, ಚಿತ್ರದುರ್ಗ

ಹೊರದೇಶಗಳಲ್ಲಿ ನೀವು ಹೇಳಿದ ರೀತಿಯ ಸಾಕಣೆ ಇರುವುದು ನಿಜ, ಅದು ಸಮುದ್ರಕ್ಕೆ ಒಳ್ಳೆಯದೆಂಬುದೂ ನಿಜ. ಆದರೆ ನಮ್ಮ ಕಾಯ್ದೆಯಲ್ಲಿರುವುದು ಇಡೀ ಕುಟುಂಬದ ಹೆಸರು. ‘ತೊಟ್ಟಿಯಲ್ಲಿ ಹುಟ್ಟಿದ್ದು’ ಎಂಬ ಬಾಯಿಮಾತಿಗೆ ಅಲ್ಲಿ ಬೆಲೆಯಿಲ್ಲ. ಸೈಟಿಸ್ ಪಟ್ಟಿಯಲ್ಲಿರುವ ವಿದೇಶಿ ಪ್ರಾಣಿಗಳನ್ನು ಜೀವಂತವಾಗಿ ಇಟ್ಟುಕೊಳ್ಳುವವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ನೋಂದಣಿ ಮಾಡಿಸಬೇಕೆಂಬ ನಿಯಮಗಳು 2024ರಲ್ಲಿ ಬಂದಿವೆ. ರೈಲು ಪಾರ್ಸೆಲ್ಲಿನಲ್ಲಿ, ಕಾಗದಪತ್ರವಿಲ್ಲದೆ ಬರುವ ಜೋಡಿ ಎಲ್ಲಿ ಹುಟ್ಟಿದ್ದೆಂದು ಕೊಂಡವರಿಗೆ ತಿಳಿಯುವ ದಾರಿಯೇ ಇಲ್ಲ. ಯಾರಿಗಾದರೂ ಇನ್ನೂ ಅನುಮಾನವಿದ್ದರೆ ಜಿಲ್ಲೆಯ ಅರಣ್ಯ ಇಲಾಖೆಯ ಕಚೇರಿಯಲ್ಲಿ ಲಿಖಿತವಾಗಿ ಕೇಳಿ, ಲಿಖಿತ ಉತ್ತರವನ್ನೇ ಪಡೆದುಕೊಳ್ಳಲಿ.

ಉತ್ತರ: ಹೊಳೆಸಾಲಿನವಳು, ಹರಿಹರ

ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಓದಿ, ಈಗ ಹರಿಹರದಲ್ಲಿ ನೆಲೆಸಿರುವವಳು ನಾನು. ಕಾನೂನಿನ ಬಗ್ಗೆ ಮೇಲಿನವರು ಬರೆದದ್ದಕ್ಕೆ ನನ್ನ ಪೂರ್ಣ ಸಮ್ಮತಿಯಿದೆ. ಕಾನೂನು ಇಲ್ಲದಿದ್ದರೂ ನಮ್ಮ ಬಯಲುಸೀಮೆಯ ಮನೆಯಲ್ಲಿ ಈ ಜೀವಿಯನ್ನು ಸುಖವಾಗಿಡುವುದು ಎಷ್ಟು ಕಷ್ಟವೆಂಬುದನ್ನೂ, ಆದರೆ ನಿಮ್ಮ ತೊಟ್ಟಿಯ ಯೋಜನೆಯನ್ನು ಕೈಬಿಡಬೇಕಾಗಿಲ್ಲ ಎಂಬುದನ್ನೂ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಕಡಲಕುದುರೆಗೆ ಜಠರವೆಂಬ ಅಂಗವೇ ಇಲ್ಲ. ಹಲ್ಲೂ ಇಲ್ಲ. ಕೊಳವೆಯಂಥ ಮೂತಿಯಿಂದ ಸಣ್ಣ ಸೀಗಡಿಯಂಥ ಜೀವಿಗಳನ್ನು ಒಂದೇ ಸೆಳೆತಕ್ಕೆ ಒಳಗೆಳೆದುಕೊಳ್ಳುತ್ತದೆ. ಆಗ ‘ಟಕ್’ ಎಂಬ ಸಣ್ಣ ಸದ್ದು ಕೇಳುವುದೂ ಉಂಟು. ಕಣ್ಣುಗಳು ಒಂದರ ಹಂಗಿಲ್ಲದೆ ಇನ್ನೊಂದು ತಿರುಗುತ್ತವೆ. ಬಾಲವನ್ನು ಹುಲ್ಲಿನ ಎಳೆಗೆ ಸುತ್ತಿ ನಿಂತು, ಮೈಯನ್ನು ಅಲುಗಿಸದೆ, ಒಂದು ಕಣ್ಣಿನಿಂದ ಬೇಟೆಯನ್ನು ಅಳೆದು, ಮೂತಿಯನ್ನು ನಿಧಾನವಾಗಿ ಅದರ ಹತ್ತಿರಕ್ಕೆ ಒಯ್ಯುತ್ತದೆ. ತಿಂದದ್ದು ಕರುಳಿನಲ್ಲಿ ಹೆಚ್ಚು ಹೊತ್ತು ನಿಲ್ಲದೆ ಸಾಗಿಹೋಗುವುದರಿಂದ ದಿನಕ್ಕೆ ಎರಡು ಮೂರು ಸಲವಾದರೂ ಉಣಿಸಬೇಕು. ಉಳಿಸಿದ್ದನ್ನು ಪ್ರತಿ ಸಲವೂ ಹೊರತೆಗೆಯಬೇಕು, ಇಲ್ಲವಾದರೆ ನೀರು ಕೆಡುತ್ತದೆ. ಒಗ್ಗಿದವು ಮಂಜುಗಟ್ಟಿಸಿದ ಮೈಸಿಸ್ ಸೀಗಡಿಯನ್ನು ತಿನ್ನುತ್ತವೆ, ಆದರೆ ಸಮುದ್ರದಿಂದ ಹಿಡಿದು ತಂದವು ಸತ್ತ ಆಹಾರವನ್ನು ಮುಟ್ಟದೆ ಹಸಿವಿನಿಂದಲೇ ಸಾಯುವುದು ಸಾಮಾನ್ಯ. ಮಂಜುಗಡ್ಡೆ ಕರಗದ ಹಾಗೆ ಆ ಆಹಾರವನ್ನು ನಮ್ಮೂರಿನವರೆಗೆ ತರಿಸುವುದು, ಮನೆಯಲ್ಲಿ ಕರೆಂಟ್ ಹೋದಾಗಲೂ ಅದನ್ನು ಕಾಪಾಡುವುದು ಬೇರೆಯೇ ಕೆಲಸ.

ಇದಕ್ಕಿಂತ ದೊಡ್ಡ ತೊಡಕು ಬಿಸಿ. ಉಷ್ಣವಲಯದ ಕಡಲಕುದುರೆಗಳನ್ನೂ ತೊಟ್ಟಿಯಲ್ಲಿ 22ರಿಂದ 24 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಇಡುವುದು ವಾಡಿಕೆ. ನೀರು 25 ಡಿಗ್ರಿ ದಾಟಿದಂತೆ ವಿಬ್ರಿಯೊ ಬ್ಯಾಕ್ಟೀರಿಯಾಗಳು ವೇಗವಾಗಿ ಹೆಚ್ಚುತ್ತವೆ, ಬಾಲ ಕೊಳೆಯುವಂಥ ಸೋಂಕುಗಳು ತಗಲುತ್ತವೆ. ಚರ್ಮದ ಅಡಿಯಲ್ಲೋ ಗಂಡಿನ ಚೀಲದಲ್ಲೋ ಗಾಳಿಯ ಗುಳ್ಳೆ ತುಂಬಿ ಪ್ರಾಣಿ ತಲೆಕೆಳಗಾಗಿ ತೇಲುವ ಕಾಯಿಲೆಯೂ ಈ ಜೀವಿಗಳಿಗೆ ವಿಶೇಷವಾದದ್ದು. ದಾವಣಗೆರೆಯ ಬೇಸಿಗೆಯಲ್ಲಿ ಹೊರಗೆ 38ರಿಂದ 40 ಡಿಗ್ರಿಯಾದಾಗ, ಮಹಡಿಯ ಹಾಲಿನಲ್ಲಿ, ಕಾದ ತಾರಸಿಯ ಅಡಿಯಲ್ಲಿರುವ ತೊಟ್ಟಿಯ ನೀರು 30 ದಾಟುವುದು ಖಚಿತ. ಪಂಪು, ದೀಪಗಳ ಶಾಖ ಅದರ ಮೇಲೆ. ಅಲ್ಲಿಂದ 23ಕ್ಕೆ ಇಳಿಸಿ, ಹಗಲೂ ರಾತ್ರಿ ಅಲ್ಲೇ ನಿಲ್ಲಿಸುವುದೆಂದರೆ ನೀರನ್ನು ತಂಪಾಗಿಸುವ ಯಂತ್ರವಾದ ಚಿಲ್ಲರ್ ಬಿಡುವಿಲ್ಲದೆ ದುಡಿಯಬೇಕು. ಅದು ನೀರಿನಿಂದ ಹೀರಿದ ಶಾಖವನ್ನು ಅದೇ ಕೋಣೆಗೆ ಬಿಡುವುದರಿಂದ ಕೋಣೆಗೂ ಎ.ಸಿ. ಬೇಕಾಗುತ್ತದೆ. ಮೇ ತಿಂಗಳ ಮಧ್ಯಾಹ್ನ ಕೆಲವು ಗಂಟೆ ಕರೆಂಟ್ ಹೋದರೆ ಏನಾಗುತ್ತದೆಂದು ಊಹಿಸಿ. ಕಡಲಕುದುರೆಗೆ ನಮ್ಮ ಊರು ತಕ್ಕುದಲ್ಲವೆಂದು ನಾನು ಹೇಳುವುದು ಮುಖ್ಯವಾಗಿ ಈ ಕಾರಣಕ್ಕೆ.

ಈಗ ತೊಟ್ಟಿಯ ವಿಷಯ. ನಿಮ್ಮ ಅಳತೆಯ ಪ್ರಕಾರ ಒಟ್ಟು 20 ಘನ ಅಡಿ, ಅಂದರೆ ಸುಮಾರು 566 ಲೀಟರ್. ಉಪ್ಪುನೀರಿನ ತೂಕವೇ ತುಂಬ ತುಂಬಿದರೆ ಸುಮಾರು 580 ಕೆ.ಜಿ.; 12 ಎಂ.ಎಂ. ಗಾಜು ಇನ್ನೊಂದು ನೂರು ಕೆ.ಜಿ. ದಾಟುತ್ತದೆ, ಮರಳು, ಕಲ್ಲು, ಸ್ಟ್ಯಾಂಡ್, ಕೆಳಗಿನ ಫಿಲ್ಟರ್ ತೊಟ್ಟಿ ಎಲ್ಲ ಸೇರಿ 850 ಕೆ.ಜಿ.ಗೆ ಕಡಿಮೆಯಾಗದು. ಈ ಭಾರವೆಲ್ಲ ಬೀಳುವುದು 8 ಚದರ ಅಡಿಯ, ಅಂದರೆ ಮುಕ್ಕಾಲು ಚದರ ಮೀಟರಿನಷ್ಟು ಜಾಗದ ಮೇಲೆ. ವಾಸದ ಮನೆಯ ಮಹಡಿಯನ್ನು ಸಾಮಾನ್ಯವಾಗಿ ಚದರ ಮೀಟರಿಗೆ 200 ಕೆ.ಜಿ. ಬಳಕೆಯ ಭಾರಕ್ಕೆ ಲೆಕ್ಕ ಹಾಕಿ ಕಟ್ಟಿರುತ್ತಾರೆ. ಹಾಗೆಂದು ಮಹಡಿ ಕೂಡಲೇ ಕುಸಿಯುತ್ತದೆಂದಲ್ಲ, ಆದರೆ ಮನೆಯ ನಕ್ಷೆ ಮಾಡಿಕೊಟ್ಟ ಇಂಜಿನಿಯರನ್ನು ಕೇಳದೆ ಅಲ್ಲಿ ಇಡಬೇಡಿ. ಬೀಮು ಎಲ್ಲಿ ಹಾದಿದೆ, ಅದಕ್ಕೆ ಅಡ್ಡಲಾಗಿ ಇಡಬಹುದೇ, ಭಾರ ಹೊರುವ ಗೋಡೆಗೆ ಒತ್ತಾಗಿ ಇಡಬಹುದೇ ಎಂಬುದನ್ನು ಅವರೇ ಹೇಳಬೇಕು. ನನ್ನನ್ನು ಕೇಳಿದರೆ ನೆಲಮಹಡಿಯ, ಪಶ್ಚಿಮದ ಬಿಸಿಲು ಬೀಳದ ಗೋಡೆಯೇ ಲೇಸು. ಭಾರದ ಚಿಂತೆಯೂ ಇಲ್ಲ, ಬಿಸಿಯೂ ಕಡಿಮೆ. ಸ್ಟ್ಯಾಂಡಿನ ಹಲಗೆಗೂ ತೊಟ್ಟಿಯ ತಳಕ್ಕೂ ನಡುವೆ ಥರ್ಮಾಕೋಲ್ ಹಾಳೆ ಹಾಸುವುದನ್ನು ಮರೆಯಬೇಡಿ.

ನೀರಿನ ಬಗ್ಗೆ ಹೇಳುವುದಾದರೆ, ಕಾರವಾರದ ನೀರು ಬೇಡ. ದಡದ ನೀರಿನಲ್ಲಿ ದೋಣಿಗಳ ಎಣ್ಣೆ, ಹೊಳೆ ತಂದ ಕೆಸರು ಇರುತ್ತವೆ. ಮಳೆಗಾಲದಲ್ಲಿ ಕಾಳಿ ನದಿಯ ಸಿಹಿನೀರು ಬೆರೆತು ಉಪ್ಪಿನ ಅಂಶ ಇಳಿದಿರುತ್ತದೆ. ಮುಚ್ಚಿದ ಕ್ಯಾನಿನಲ್ಲಿ ಘಟ್ಟ ಹತ್ತಿ ಬರುವಷ್ಟರಲ್ಲಿ ಅದರಲ್ಲಿರುವ ಸೂಕ್ಷ್ಮಜೀವಿಗಳು ಸತ್ತು ಕೊಳೆಯಲು ತೊಡಗುತ್ತವೆ. ಆರ್.ಒ. ನೀರಿಗೆ ಅಕ್ವೇರಿಯಂಗೆಂದೇ ತಯಾರಿಸಿದ ಸಮುದ್ರದ ಉಪ್ಪನ್ನು ಬೆರೆಸುವುದೇ ಸರಿಯಾದ ಕ್ರಮ. ಅಡುಗೆಯ ಉಪ್ಪು ಆಗುವುದಿಲ್ಲ, ಏಕೆಂದರೆ ಸಮುದ್ರದ ನೀರಿನಲ್ಲಿರುವ ಮೆಗ್ನೀಸಿಯಂ, ಕ್ಯಾಲ್ಸಿಯಂ, ಬೈಕಾರ್ಬೊನೇಟ್ ಮೊದಲಾದವು ಅದರಲ್ಲಿ ಇರುವುದಿಲ್ಲ. ಲೀಟರಿಗೆ ಸುಮಾರು 35 ಗ್ರಾಂ ಎಂದು ಹಿಡಿದರೂ ಕೆಳತೊಟ್ಟಿಯೂ ಸೇರಿ 600 ಲೀಟರಿಗೆ 21 ಕೆ.ಜಿ. ಉಪ್ಪು ಬೇಕು, ಆಮೇಲೆ ಪ್ರತಿ ಸಲ ನೀರು ಬದಲಿಸುವಾಗಲೂ ಅದೇ ಲೆಕ್ಕದಲ್ಲಿ ಬೇಕಾಗುತ್ತದೆ. ಮೊದಲು ಬೇರೆ ಡ್ರಮ್ಮಿನಲ್ಲಿ ಉಪ್ಪು ಬೆರೆಸಿ, ಒಂದು ರಾತ್ರಿ ಪಂಪು ಓಡಿಸಿ, ಉಪ್ಪಿನ ಅಂಶವನ್ನು ರಿಫ್ರಾಕ್ಟೊಮೀಟರ್ ಎಂಬ ಉಪಕರಣದಲ್ಲಿ ಅಳೆದ ಮೇಲೆಯೇ ತೊಟ್ಟಿಗೆ ಬಿಡಬೇಕು.

ನಗರಕ್ಕೆ ಕುಂದವಾಡ ಕೆರೆ, ಟಿ.ವಿ. ಸ್ಟೇಷನ್ ಕೆರೆಗಳಿಂದ ಬರುವ ನಲ್ಲಿ ನೀರು ಬೋರ್‌ವೆಲ್ ನೀರಿಗಿಂತ ಎಷ್ಟೋ ಮೃದು. ಆದರೂ ಅದರಲ್ಲಿ ಕ್ಲೋರಿನ್ ಇರುವುದರಿಂದ ಆರ್.ಒ. ಯಂತ್ರದ ಮುಂದೆ ಕಾರ್ಬನ್ ಫಿಲ್ಟರ್ ಇರಲೇಬೇಕು. ಜಗಳೂರು, ಚಳ್ಳಕೆರೆ ಕಡೆಯಿಂದ ಇದನ್ನು ಓದುತ್ತಿರುವವರು ಇದ್ದರೆ ಅವರಿಗೆ ಒಂದು ಮಾತು: ಅಲ್ಲಿನ ಬೋರ್‌ವೆಲ್ ನೀರಿನಲ್ಲಿ ಗಡಸುತನವೂ ಫ್ಲೋರೈಡೂ ಹೆಚ್ಚು, ಆ ನೀರನ್ನು ನೇರವಾಗಿ ಉಪ್ಪುನೀರಿನ ತೊಟ್ಟಿಗೆ ಬಳಸುವಂತಿಲ್ಲ. ಮನೆಯ ಆರ್.ಒ. ಯಂತ್ರ ಒಂದು ಲೀಟರ್ ಒಳ್ಳೆಯ ನೀರಿಗೆ ಎರಡು ಮೂರು ಲೀಟರ್ ಹೊರಹಾಕುತ್ತದೆ. ಆ ನೀರನ್ನು ಚರಂಡಿಗೆ ಬಿಡದೆ ನೆಲ ಒರೆಸಲು, ಅಂಗಳ ತೊಳೆಯಲು ಹಿಡಿದಿಡುವ ವ್ಯವಸ್ಥೆಯನ್ನು ಮೊದಲೇ ಮಾಡಿಕೊಳ್ಳಿ. ನೀರಿಗೆ ಕಾಯುವ ಊರು ನಮ್ಮದು.

ನೀರು, ಮರಳು, ಕಲ್ಲು ಎಲ್ಲ ಸಿದ್ಧವಾದ ಮೇಲೆ ನಾಲ್ಕರಿಂದ ಆರು ವಾರ ಒಂದೇ ಒಂದು ಮೀನನ್ನೂ ಬಿಡಬಾರದು. ಮೀನಿನ ತ್ಯಾಜ್ಯದಿಂದ ಬರುವ ವಿಷವಾದ ಅಮೋನಿಯಾವನ್ನು ನೈಟ್ರೈಟ್ ಆಗಿಯೂ, ನೈಟ್ರೈಟನ್ನು ನೈಟ್ರೇಟ್ ಆಗಿಯೂ ಮಾರ್ಪಡಿಸುವ ಬ್ಯಾಕ್ಟೀರಿಯಾಗಳು ಕಲ್ಲು ಮರಳುಗಳಲ್ಲಿ ನೆಲೆಯೂರಲು ಅಷ್ಟು ಕಾಲ ಬೇಕು. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿಸಿ, ಪಿ.ಎಚ್. 8.0ರಿಂದ 8.4ರ ನಡುವೆ ನಿಂತ ಮೇಲೆ ಮುಂದಿನ ಮಾತು. ಸಿಹಿನೀರಿನಲ್ಲಿ ನಿಮಗೆ ಇದರ ಅಭ್ಯಾಸ ಇರುವುದರಿಂದ ಹೆಚ್ಚು ಹೇಳಬೇಕಾಗಿಲ್ಲ.

ಪ್ರಶ್ನೆ ಕೇಳಿದವರು: ವಿದ್ಯಾನಗರ ನಿವಾಸಿ, ದಾವಣಗೆರೆ

ಇಷ್ಟು ಕಳಕಳಿಯಿಂದ ಬರೆದ ಎಲ್ಲರಿಗೂ ಕೃತಜ್ಞತೆಗಳು. ವ್ಯಾಪಾರಿಗೆ ಫೋನ್ ಮಾಡಿ ಬೇಡವೆಂದು ಹೇಳಿದ್ದೇನೆ. ಇಂಜಿನಿಯರರು ಮಹಡಿಯ ಹಾಲ್ ಬೇಡವೆಂದೇ ಹೇಳಿದರು. ಆದ್ದರಿಂದ ತೊಟ್ಟಿ ಕೆಳಗಿನ ಪಡಸಾಲೆಯಲ್ಲಿ, ಉತ್ತರದ ಗೋಡೆಗೆ ಬರುತ್ತದೆ.

ಆದರೆ ಮಕ್ಕಳಿಗೆ ತೋರಿಸಬೇಕೆಂದಿದ್ದ ವಿಷಯ ಮನಸ್ಸಿನಿಂದ ಹೋಗಿಲ್ಲ. ತಂದೆಯೇ ಮರಿಗಳನ್ನು ಕಾಪಾಡುವ, ಕಾನೂನಿನ ತೊಡಕಿಲ್ಲದ, ನಮ್ಮ ಊರಿನ ಹವೆಯನ್ನು ಸ್ವಲ್ಪಮಟ್ಟಿಗಾದರೂ ತಾಳಿಕೊಳ್ಳುವ ಸಮುದ್ರದ ಮೀನು ಯಾವುದಾದರೂ ಇದೆಯೇ? ಪೈಪ್‌ಫಿಶ್‌ಗಳಲ್ಲೂ ಗಂಡೇ ಮೊಟ್ಟೆ ಹೊರುತ್ತದೆಂದು ಓದಿದ್ದೆ, ಈಗ ಅವೂ ಅದೇ ಕುಟುಂಬವೆಂದು ತಿಳಿಯಿತು. ಎರಡನೆಯದಾಗಿ, ಕರೆಂಟ್ ಹೋದಾಗ ಮಾಡಬೇಕಾದ್ದೇನು? ಮನೆಯಲ್ಲಿ ಸಾಧಾರಣ ಇನ್ವರ್ಟರ್ ಇದೆ.

ಉತ್ತರ: ಶಾಮನೂರು ರಸ್ತೆ, ದಾವಣಗೆರೆ

ನಮಸ್ಕಾರ. ನಮ್ಮ ಮನೆಯಲ್ಲಿ ಉಪ್ಪುನೀರಿನ ತೊಟ್ಟಿ ಇದೆ. ದಾವಣಗೆರೆಯ ಬೇಸಿಗೆಗಳನ್ನು ಅದು ದಾಟಿ ಬಂದಿದೆ. ನಿಮ್ಮ ಎರಡೂ ಪ್ರಶ್ನೆಗಳಿಗೆ ತಿಳಿದದ್ದನ್ನು ಹೇಳುತ್ತೇನೆ.

ನೀವು ಬಯಸಿದ ಗುಣವಿರುವ ಮೀನು ಇದೆ, ಅದರ ಹೆಸರು ಬಂಗಾಯ್ ಕಾರ್ಡಿನಲ್. ಇಂಡೋನೇಷ್ಯಾದ ಬಂಗಾಯ್ ದ್ವೀಪಗಳ ಸುತ್ತ ಮಾತ್ರ ಸಹಜವಾಗಿ ಸಿಗುವ, ಬೆಳ್ಳಿಬಣ್ಣದ ಮೈಮೇಲೆ ಕಪ್ಪು ಪಟ್ಟೆಗಳೂ ಬಿಳಿ ಚುಕ್ಕೆಗಳೂ ಇರುವ, ಉದ್ದ ರೆಕ್ಕೆಗಳ ಸಣ್ಣ ಮೀನು. ಹೆಣ್ಣು ಇಟ್ಟ ಮೊಟ್ಟೆಗಳನ್ನು ಗಂಡು ತನ್ನ ಬಾಯೊಳಗೆ ತೆಗೆದುಕೊಂಡು ಸುಮಾರು 20 ದಿನ ಇಟ್ಟುಕೊಳ್ಳುತ್ತದೆ. ಮರಿಗಳು ಒಡೆದ ಮೇಲೂ ಸುಮಾರು ಹತ್ತು ದಿನ ಅವುಗಳನ್ನು ಬಾಯಲ್ಲೇ ಕಾಪಾಡುತ್ತದೆ. ಅಷ್ಟೂ ದಿನ ಅದು ಆಹಾರ ಮುಟ್ಟುವುದಿಲ್ಲ. ಉಳಿದ ಮೀನುಗಳು ತಿನ್ನಲು ಮೇಲೆ ಬಂದಾಗ ಇದೊಂದು ದೂರ ನಿಂತು, ಗಂಟಲನ್ನು ಉಬ್ಬಿಸಿಕೊಂಡು, ಆಗಾಗ ಬಾಯಿ ಸ್ವಲ್ಪ ತೆರೆದು ಮೊಟ್ಟೆಗಳನ್ನು ಹೊರಳಿಸುತ್ತದೆ; ಆ ಕ್ಷಣದಲ್ಲಿ ಕಿತ್ತಳೆ ಬಣ್ಣದ ಮೊಟ್ಟೆಗಳು ತುಟಿಯಂಚಿನಲ್ಲಿ ಕಾಣುತ್ತವೆ. ಮಕ್ಕಳು ಗಾಜಿಗೆ ಮೂಗು ಒತ್ತಿ ನೋಡುವಂಥ ದೃಶ್ಯವದು. ಬಾಯಿಂದ ಹೊರಬರುವ ಮರಿಗಳು ಆಗಲೇ ಪೂರ್ಣ ಮೀನಿನ ರೂಪ ಪಡೆದಿರುವುದರಿಂದ, ಆಗತಾನೇ ಮೊಟ್ಟೆಯೊಡೆದ ಆರ್ಟೀಮಿಯಾ ಎಂಬ ಪುಟ್ಟ ಉಪ್ಪುನೀರಿನ ಸೀಗಡಿಗಳನ್ನು ಮೊದಲ ದಿನದಿಂದಲೇ ತಿನ್ನುತ್ತವೆ. ಆರ್ಟೀಮಿಯಾ ಮೊಟ್ಟೆಗಳನ್ನು ಗಾಳಿಯಾಡಿಸಿದ ಉಪ್ಪುನೀರಿಗೆ ಹಾಕಿದರೆ ಹೆಚ್ಚುಕಡಿಮೆ ಒಂದು ದಿನದಲ್ಲಿ ಒಡೆಯುತ್ತವೆ. ನಮ್ಮೂರಿನ ಸೆಖೆ ನಮಗೆ ಅನುಕೂಲವಾಗುವುದು ಅಲ್ಲಿ ಮಾತ್ರ.

ಆದರೆ ಒಂದು ಎಚ್ಚರಿಕೆ. ಅಕ್ವೇರಿಯಂ ವ್ಯಾಪಾರಕ್ಕೆಂದು ವಿಪರೀತ ಹಿಡಿದದ್ದರಿಂದಲೇ ಈ ಮೀನು ತನ್ನ ತವರಿನಲ್ಲಿ ಅಳಿವಿನಂಚಿಗೆ ಬಂದಿದೆ. ಆದ್ದರಿಂದ ಮರಿ ಮಾಡಿಸುವ ಕೇಂದ್ರದಲ್ಲಿ, ಅಂದರೆ ಹ್ಯಾಚರಿಯಲ್ಲಿ ಹುಟ್ಟಿದ ಮರಿಗಳನ್ನೇ, ರಸೀದಿಯೊಂದಿಗೆ, ಎಲ್ಲಿಂದ ಬಂದವೆಂದು ಬರೆಸಿಕೊಂಡೇ ಕೊಳ್ಳಬೇಕು. ಅದು ಸಿಗದಿದ್ದರೆ ಕ್ಲೌನ್ ಮೀನನ್ನು ಆರಿಸಿ. ಕ್ಲೌನ್ ಮೀನುಗಳನ್ನು ಹ್ಯಾಚರಿಯಲ್ಲಿ ಮರಿ ಮಾಡಿಸುವ ತಂತ್ರವನ್ನು ನಮ್ಮ ದೇಶದ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯೇ ರೂಪಿಸಿದೆ, ಅಂಥ ಮರಿಗಳು ದೊರೆಯುವುದು ಕಷ್ಟವಲ್ಲ. ಅವುಗಳಲ್ಲೂ ಕಲ್ಲಿಗೆ ಅಂಟಿಸಿದ ಮೊಟ್ಟೆಗಳಿಗೆ ರೆಕ್ಕೆಯಿಂದ ನೀರು ಬೀಸಿ, ಕೆಟ್ಟವನ್ನು ಹೆಕ್ಕಿ ತೆಗೆದು, ಕಾವಲು ಕಾಯುವ ಕೆಲಸ ಹೆಚ್ಚಾಗಿ ಗಂಡಿನದೇ. ಎಲ್ಲ ಮರಿಗಳೂ ಮೊದಲು ಗಂಡಾಗಿ ಬೆಳೆದು, ಜೋಡಿಯಲ್ಲಿ ದೊಡ್ಡದು ಹೆಣ್ಣಾಗಿ ಮಾರ್ಪಡುವುದನ್ನೂ ಮಕ್ಕಳಿಗೆ ತೋರಿಸಬಹುದು. ಕಡಲಿನಲ್ಲಿ ಅವು ಆಸರೆ ಪಡೆಯುವ ಸಮುದ್ರ ಹೂವು (ಸೀ ಅನಿಮೋನ್) ಇಲ್ಲದೆಯೂ ಅವು ತೊಟ್ಟಿಯಲ್ಲಿ ಆರೋಗ್ಯವಾಗಿರುತ್ತವೆ. ಆದರೆ ಅವುಗಳ ಮರಿಗಳಿಗೆ ಮೊದಲ ದಿನಗಳಲ್ಲಿ ಆರ್ಟೀಮಿಯಾಕ್ಕಿಂತಲೂ ಸಣ್ಣದಾದ, ಸೂಕ್ಷ್ಮಜೀವಿಗಳಾದ ರೋಟಿಫರ್‌ಗಳು ಬೇಕು, ಮನೆಯಲ್ಲಿ ಅದು ಸುಲಭವಲ್ಲ. ನಿಮ್ಮ ಉದ್ದೇಶಕ್ಕೆ ಬಂಗಾಯ್ ಕಾರ್ಡಿನಲ್ ಹೆಚ್ಚು ಹೊಂದುತ್ತದೆಂದು ನಾನು ಹೇಳುವುದು ಇದಕ್ಕಾಗಿ.

ಈ ಎರಡೂ ಮೀನುಗಳಿಗೆ 25ರಿಂದ 27 ಡಿಗ್ರಿ ಸಾಕು. ನೆಲಮಹಡಿಯ ಉತ್ತರದ ಗೋಡೆಯೆಂದಿದ್ದೀರಿ, ಅದೇ ಅರ್ಧ ಕೆಲಸ ಮುಗಿಸಿದ ಹಾಗೆ. ನಮ್ಮ ಮಾರ್ಚ್–ಏಪ್ರಿಲ್ ಗಾಳಿ ಕರಾವಳಿಯ ಗಾಳಿಯಂತಲ್ಲ, ಬಹಳ ಒಣ. ನೀರಿನ ಮೇಲ್ಮೈಗೆ ಸಣ್ಣ ಫ್ಯಾನುಗಳನ್ನು ಬೀಸಿಸಿದರೆ ಆವಿಯಾಗುವುದರಿಂದಲೇ ಎರಡು ಮೂರು ಡಿಗ್ರಿ ಇಳಿಯುತ್ತದೆ. ಆದರೂ ಏಪ್ರಿಲ್ ಕೊನೆಯ ವಾರಗಳಿಗೆ ಚಿಲ್ಲರ್ ಇಟ್ಟುಕೊಳ್ಳಿ. ಕಡಲಕುದುರೆಗೆ ಬೇಕಾಗುತ್ತಿದ್ದಂತೆ ವರ್ಷವಿಡೀ ಅದು ದುಡಿಯಬೇಕಾಗಿಲ್ಲ. ಫ್ಯಾನು ಬೀಸಿದಷ್ಟೂ ನೀರು ಆವಿಯಾಗುತ್ತದೆ, ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ. ಹಾಗಾಗಿ ಕಡಿಮೆಯಾದ ಮಟ್ಟಕ್ಕೆ ಯಾವತ್ತೂ ಬರಿಯ ಆರ್.ಒ. ನೀರನ್ನೇ ತುಂಬಬೇಕು, ಉಪ್ಪುನೀರನ್ನಲ್ಲ. ಇದಕ್ಕೆ ಕೆಳತೊಟ್ಟಿಯಲ್ಲಿ ಒಂದು ಫ್ಲೋಟ್ ವಾಲ್ವ್ ಇದ್ದರೆ ಊರಿಗೆ ಹೋದಾಗಲೂ ಚಿಂತೆಯಿಲ್ಲ.

ಕರೆಂಟ್ ಹೋದಾಗ ಮೊದಲು ಅಪಾಯಕ್ಕೆ ಸಿಲುಕುವುದು ಆಮ್ಲಜನಕ. 500 ಲೀಟರ್ ನೀರು ಕಾಯುವುದು ನಿಧಾನ, ಆದರೆ ಬೆಚ್ಚಗಿನ ಉಪ್ಪುನೀರಿನಲ್ಲಿ ಆಮ್ಲಜನಕ ಕರಗಿರುವುದೇ ಕಡಿಮೆ. ಆದ್ದರಿಂದ ಇನ್ವರ್ಟರಿಗೆ ಚಿಲ್ಲರನ್ನಾಗಲಿ ದೀಪಗಳನ್ನಾಗಲಿ ಜೋಡಿಸದೆ, ನೀರು ತಿರುಗಿಸುವ ಕಡಿಮೆ ವ್ಯಾಟಿನ ಪಂಪನ್ನು ಮಾತ್ರ ಜೋಡಿಸಿ. ಜೊತೆಗೆ ಬ್ಯಾಟರಿಯಿಂದ ನಡೆಯುವ ಏರ್ ಪಂಪೊಂದನ್ನು ಕೈಗೆ ಸಿಗುವಂತೆ ಇಟ್ಟುಕೊಳ್ಳಿ. ಮೇಲಿನ ತೊಟ್ಟಿಯಿಂದ ಕೆಳತೊಟ್ಟಿಗೆ ನೀರು ಹರಿದುಬರುವುದು ಪಂಪು ನಿಂತ ಮೇಲೂ ಸ್ವಲ್ಪ ಹೊತ್ತು ಮುಂದುವರಿಯುತ್ತದೆ. ಆ ನೀರು ಹಿಡಿಸುವಷ್ಟು ಜಾಗ ಕೆಳತೊಟ್ಟಿಯಲ್ಲಿ ಖಾಲಿ ಇರಬೇಕು. ಮೀನು ಬಿಡುವ ಮೊದಲೇ ಸ್ವಿಚ್ ಆರಿಸಿ ಇದನ್ನು ಪರೀಕ್ಷಿಸಿ ನೋಡಿ.

ಇನ್ನೊಂದು ವಿಷಯವನ್ನು ಸಿಹಿನೀರಿನಿಂದ ಬಂದವರು ಗಮನಿಸುವುದಿಲ್ಲ. ಉಪ್ಪುನೀರು ಚಿಮ್ಮಿದಲ್ಲೆಲ್ಲ ಒಣಗಿ ಬಿಳಿಯ ಹಕ್ಕಳೆ ಕಟ್ಟುತ್ತದೆ. ಗಾಜಿನ ಅಂಚಿನಿಂದ ವೈರಿನ ಗುಂಟ ಅದು ಪ್ಲಗ್ಗಿನವರೆಗೂ ಹಬ್ಬುತ್ತದೆ. ಪ್ರತಿಯೊಂದು ವೈರನ್ನೂ ಪ್ಲಗ್ಗಿಗಿಂತ ಕೆಳಗೆ ಜೋತುಬೀಳುವಂತೆ ಬಿಟ್ಟರೆ ಹನಿ ಆ ತಿರುವಿನಲ್ಲೇ ಕೆಳಗೆ ಬೀಳುತ್ತದೆ. ಸಾಕೆಟ್ಟುಗಳು ಸ್ಟ್ಯಾಂಡಿನ ಒಳಗಲ್ಲದೆ ಪಕ್ಕದ ಗೋಡೆಯಲ್ಲಿ, ತೊಟ್ಟಿಯಿಂದ ದೂರದಲ್ಲಿರಲಿ. ಸರಿಯಾದ ಅರ್ಥಿಂಗ್ ಮತ್ತು ವಿದ್ಯುತ್ ಸೋರಿದರೆ ತಾನೇ ಸಂಪರ್ಕ ಕಡಿಯುವ 30 ಮಿಲಿಆಂಪಿಯರಿನ ಸ್ವಿಚ್ (ಆರ್.ಸಿ.ಸಿ.ಬಿ.) ಇಲ್ಲದೆ ನೀರಿಗೆ ಕೈ ಹಾಕಬೇಡಿ. ಮಕ್ಕಳಿರುವ ಮನೆಯಾದ್ದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಮೀನುಗಳನ್ನು ತಂದಾಗ ನೇರವಾಗಿ ದೊಡ್ಡ ತೊಟ್ಟಿಗೆ ಬಿಡದೆ, ಬೇರೆ ಸಣ್ಣ ತೊಟ್ಟಿಯಲ್ಲಿ ಕೆಲವು ವಾರ ಇಟ್ಟು, ಮೈಮೇಲೆ ರೋಗದ ಬಿಳಿ ಚುಕ್ಕೆ ಏಳುವುದಿಲ್ಲವೆಂದು ಖಚಿತಪಡಿಸಿಕೊಳ್ಳಿ. ಬಂಗಾಯ್ ಕಾರ್ಡಿನಲ್ ಮೀನುಗಳು ಮರಿಯಾಗಿದ್ದಾಗ ಗುಂಪಾಗಿರುತ್ತವೆ, ಬಲಿತ ಮೇಲೆ ಜಗಳಕ್ಕಿಳಿಯುತ್ತವೆ. ನಾಲ್ಕೈದನ್ನು ತಂದು, ಜೋಡಿ ಕಟ್ಟಿಕೊಂಡದ್ದನ್ನು ಉಳಿಸಿಕೊಂಡು, ಉಳಿದವುಗಳಿಗೆ ಬೇರೆ ಮನೆ ನೋಡಬೇಕಾಗುತ್ತದೆ. ಆ ಹೊತ್ತಿಗೆ ಇಲ್ಲಿ ತಿಳಿಸಿ, ನಮ್ಮ ತೊಟ್ಟಿಯಲ್ಲಿ ಜಾಗವಿದೆ.